ಡೈನೋ ಧನಕ್ಕನ ತೂಕದ ಬಟ್ಟು

ನಮ್ಮ ಗಲ್ಲಿಯಲ್ಲಿ ಧನಲಕ್ಷ್ಮಿಯ ಜೊತೆ ವಾದಕ್ಕಿಳಿದು ಗೆದ್ದವರು ಯಾರೂ ಇಲ್ಲ. ಗೆದ್ದೆವು ಅಂದುಕೊಂಡು ಮನೆಗೆ ಹೋದವರು ಕೆಲವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ನನ್ನ ಹೆಸರು ವಿಶ್ವನಾಥ್. ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಹಿಂದಿನ ಗಲ್ಲಿಯಲ್ಲಿ ಕಾರಿನ ಸೀಟು ಹೊಲಿಯುತ್ತೇನೆ. ನನ್ನ ಶೆಡ್ಡಿಗೂ ಪಕ್ಕದ ಈರೇಶನ ಗ್ಯಾರೇಜಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ಗೋಡೆಯ ಆಚೆ ಧನಲಕ್ಷ್ಮಿಯ ಡೈನೋ ಕೋಣೆ. ಹಾಗಾಗಿ ಅವಳ ಜಗಳಗಳನ್ನೆಲ್ಲ ನಾನು ಟಿಕೆಟ್ಟಿಲ್ಲದೆ ಕೇಳಿಕೊಂಡು ಬಂದಿದ್ದೇನೆ. ಅವಳು ನನಗಿಂತ ಚಿಕ್ಕವಳು, ಆದರೂ ಗಲ್ಲಿಯವರೆಲ್ಲ ಧನಕ್ಕ ಅನ್ನುವುದರಿಂದ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ.

ಡೈನೋ ಎಂದರೇನು ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು. ನೆಲದಲ್ಲಿ ಹೂತಿಟ್ಟ ಎರಡು ದಪ್ಪ ಕಬ್ಬಿಣದ ಉರುಳೆಗಳು. ಕಾರನ್ನು ಎಳೆಯುವ ಚಕ್ರಗಳನ್ನು ಅದರ ಮೇಲೆ ಕೂರಿಸಿ, ಲಾಳ ಹೊಡೆಯಲು ಎತ್ತನ್ನು ಕಟ್ಟುವ ಹಾಗೆ ಸುತ್ತಲೂ ಬೆಲ್ಟು ಬಿಗಿದು, ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಕಾರು ನಿಂತಲ್ಲೇ ಹುಚ್ಚಾಪಟ್ಟೆ ಓಡುತ್ತದೆ. ಉರುಳೆಗೆ ಒಂದು ದೊಡ್ಡ ಬ್ರೇಕು. ಆ ಬ್ರೇಕಿನಿಂದ ಹೊರಟ ಉಕ್ಕಿನ ತೋಳೊಂದು ತೂಕದ ಸೆನ್ಸರನ್ನು ಎಳೆಯುತ್ತದೆ. ಚಕ್ರ ಎಷ್ಟು ಬಲವಾಗಿ ತಳ್ಳುತ್ತದೋ ತೋಳು ಅಷ್ಟು ಎಳೆಯುತ್ತದೆ. ಸೆನ್ಸರ್ ತೂಗಿದ್ದನ್ನು ಕಂಪ್ಯೂಟರು ಹಾರ್ಸ್‌ಪವರ್ ಲೆಕ್ಕಕ್ಕೆ ತಿರುಗಿಸಿ ಪರದೆಯ ಮೇಲೆ ತೋರಿಸುತ್ತದೆ. ಒಟ್ಟಿನಲ್ಲಿ ಅದು ಕಾರಿನ ಬಲವನ್ನು ತೂಗುವ ತಕ್ಕಡಿ, ಧನಕ್ಕ ಅದರ ಯಜಮಾನಿ. ಕಾಗದದ ಮೇಲೆ ಯಜಮಾನ ಈರೇಶ.

ಧನಕ್ಕ ಇದೇ ಊರಿನವಳು. ಅವಳ ಅಜ್ಜಿ ಸುಬ್ಬಲಕ್ಷ್ಮಮ್ಮ ದೊಡ್ಡನೆಕ್ಕುಂದಿ ಹಳ್ಳಿಯಾಗಿದ್ದ ಕಾಲದಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದಳು. ಅಳತೆ ಕಡಿಮೆಯಾಯಿತು ಎಂದು ಯಾರಾದರೂ ಗೊಣಗಿದರೆ, ನಾಳೆಯಿಂದ ನಿನ್ನ ಪಾವು ನೀನೇ ತಗೊಂಡು ಬಾ, ಅದರಲ್ಲೇ ಅಳೀತೀನಿ ಎಂದು ಮುಖಕ್ಕೆ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳಂತೆ. ಮೊಮ್ಮಗಳಿಗೆ ಆಸ್ತಿ ಬರಲಿಲ್ಲ, ಬಾಯಿ ಬಂತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ಪರೀಕ್ಷೆಯ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಪರೀಕ್ಷೆಯಲ್ಲಿ ಫೇಲಾದ ಮಾಲನ್ನು ಪಾಸು ಎಂದು ಬರೆಯಲು ಮ್ಯಾನೇಜರು ಹೇಳಿದ. ನೀವೇ ಬರ್ಕೊಳಿ ಎಂದು ಪೆನ್ನನ್ನು ಅವನ ಕೈಯಲ್ಲಿಟ್ಟು, ಊಟದ ಡಬ್ಬಿ ಎತ್ತಿಕೊಂಡು, ಬಾಗಲಗುಂಟೆಯ ಬಾಡಿಗೆ ಮನೆಗೆ ನಡೆದುಹೋದಳು. ಅಲ್ಲಿಂದ ಗಂಡನ ಸಮೇತ ತವರೂರಿಗೆ ಬಂದವಳು ಈರೇಶನ ಗ್ಯಾರೇಜು ಸೇರಿದಳು. ಅವಳ ಗಂಡ ಮಾತು ಕಡಿಮೆಯ ಮನುಷ್ಯ. ಇರಲೇಬೇಕು, ಒಂದು ಮನೆಯಲ್ಲಿ ಎಷ್ಟು ಜನ ಮಾತಾಡಲು ಸಾಧ್ಯ.

ಈರೇಶ ರಾಣೆಬೆನ್ನೂರಿನ ಕಡೆಯವನು. ಸ್ಪ್ಯಾನರ್ ಹಿಡಿದು ಬಂದು ಗ್ಯಾರೇಜು ಕಟ್ಟಿದವನು. ಕೆಟ್ಟವನಲ್ಲ, ಆದರೆ ಗಿರಾಕಿಯ ಮುಖ ಸಣ್ಣಗಾಗುವುದನ್ನು ಅವನಿಂದ ನೋಡಲಾಗುವುದಿಲ್ಲ. ಧನಕ್ಕನ ಕೋಣೆಯಿಂದ ಹೊರಗೆ ಬರುವ ಗಿರಾಕಿಗಳ ಮುಖ ಸಣ್ಣಗಾಗಿಯೇ ಇರುತ್ತಿತ್ತು. ಕಾರಣ ಇಷ್ಟೆ. ಕಂಪನಿಯ ಬ್ರೋಷರಿನಲ್ಲಿ ಬರೆದಿರುವುದು ಎಂಜಿನ್ ಹುಟ್ಟಿಸುವ ಬಲ. ಅದು ಗೇರ್‌ಬಾಕ್ಸು, ಆಕ್ಸಲು ಎಲ್ಲ ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ದಾರಿಯಲ್ಲೇ ಒಂದಷ್ಟು ಖರ್ಚಾಗಿರುತ್ತದೆ. ಡೈನೋ ತೂಗುವುದು ಚಕ್ರಕ್ಕೆ ಬಂದದ್ದನ್ನು. ಬೇರೆ ಕಡೆಯಲ್ಲಿ ಕಂಪ್ಯೂಟರಿಗೆ ಒಂದು ಗುಣಾಕಾರ ಕೊಟ್ಟು, ಸಂಖ್ಯೆಯನ್ನು ಹಿಗ್ಗಿಸಿ, ಗಿರಾಕಿಯ ಬೆನ್ನು ತಟ್ಟಿ ಕಳಿಸುತ್ತಾರೆ. ಗಿರಾಕಿ ಆ ಹಾಳೆಯ ಫೋಟೋ ತೆಗೆದು ಊರಿಗೆಲ್ಲ ಹಂಚುತ್ತಾನೆ. ಧನಕ್ಕನ ಹತ್ತಿರ ಅದು ನಡೆಯುತ್ತಿರಲಿಲ್ಲ. ಒಮ್ಮೆ ವೈಟ್‌ಫೀಲ್ಡಿನ ದೊಡ್ಡ ಬಿಲ್ಡರೊಬ್ಬ, ಸ್ವಲ್ಪ ನೋಡಿ ಹಾಕಿ ಮೇಡಂ ಎಂದು ನಗುತ್ತಾ ಹೇಳಿದ್ದಕ್ಕೆ, ನೋಡಿ ಹಾಕೋಕೆ ಇದೇನು ಸೊಪ್ಪಿನ ಅಂಗಡೀನಾ ಎಂದು ಅವನ ಕಾರನ್ನು ಉರುಳೆಯಿಂದ ಇಳಿಸಿಬಿಟ್ಟಳು. ಆವತ್ತು ಈರೇಶ ಮಧ್ಯಾಹ್ನದ ಊಟ ಮಾಡಲಿಲ್ಲ.

ಹೀಗೆ ಬೈದು ಬೈದೇ ಅವಳ ಹೆಸರು ಬೆಳೆಯಿತು. ದೊಡ್ಡನೆಕ್ಕುಂದಿಯ ಹೆಂಗಸು ಕೊಟ್ಟ ಸಂಖ್ಯೆ ಎಂದರೆ ಅದರ ಮೇಲೆ ಮಾತಿಲ್ಲ ಎಂದು ಕಾರಿನ ಹುಚ್ಚಿನವರು ತಮ್ಮತಮ್ಮಲ್ಲೇ ಹೇಳಿಕೊಳ್ಳುವ ಹಾಗಾಯಿತು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದೇ ಮುಂದಿನ ತೊಂದರೆಗೆ ಅರ್ಧ ಕಾರಣ ಎಂದು ನನ್ನ ಅಭಿಪ್ರಾಯ.

ಉಳಿದ ಅರ್ಧ ಕಾರಣ ಆಯುಧಪೂಜೆ. ನಮ್ಮ ಗಲ್ಲಿಯಲ್ಲಿ ಆವತ್ತು ಯಂತ್ರಗಳಿಗೆ ಸ್ನಾನ, ಅರಿಶಿನ, ಕುಂಕುಮ, ಹೂವು ಎಲ್ಲ ಆಗಲೇಬೇಕು. ಪೂಜೆಯಲ್ಲಿ ಕಟ್ಟಿದ ಹಾರವನ್ನು ಯಾರೂ ಬಿಚ್ಚುವುದಿಲ್ಲ, ಒಣಗಿ ತಾನಾಗಿ ಉದುರಬೇಕು. ಧನಕ್ಕ ಹಿಂದಿನ ದಿನವೇ ಡೈನೋ ತೊಳೆದು, ತೋಳಿಗೆ ತೂಕದ ಬಟ್ಟು ತೂಗುಹಾಕಿ, ನೂರು ಕಿಲೋ ಹಾಕಿದರೆ ಪರದೆ ನೂರೇ ತೋರಿಸುತ್ತದೆಯೇ ಎಂದು ನೋಡುತ್ತಾಳೆ. ಯಂತ್ರದ ವರ್ಷದ ಪರೀಕ್ಷೆ ಅದು. ಪರೀಕ್ಷೆ ಮುಗಿದ ಮೇಲೆ ಮಾರನೆಯ ದಿನ ಪೂಜೆ. ಹೋದ ವರ್ಷಕ್ಕೂ ಹಿಂದಿನ ಪೂಜೆಯಲ್ಲಿ ಅವಳು ಸೇವಂತಿಗೆ ಹಾರವನ್ನು ದಾರದಿಂದ ಕಟ್ಟಿದ್ದಳು. ಬ್ರೇಕು ಕಾದು ದಾರ ಕರಕಲಾಗಿ, ಹಾರ ಉರುಳೆಯ ಸಂದಿಗೆ ಬಿದ್ದು ಪುಡಿಯಾಯಿತು. ಅದಾದ ತಿಂಗಳಿಗೆ ಅಜ್ಜಿ ತೀರಿಹೋದಳು. ಸಂಖ್ಯೆಯನ್ನು ಬಿಟ್ಟು ಬೇರೇನನ್ನೂ ನಂಬದ ಧನಕ್ಕ ಇದೊಂದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಂಡಳು. ಹಾಗಾಗಿ ಹೋದ ವರ್ಷದ ಪೂಜೆಗೆ ದಾರದ ಸಹವಾಸವೇ ಬೇಡ ಎಂದು ಕಟ್ಟಡದ ಕೆಲಸದಲ್ಲಿ ಕಂಬಿ ಬಿಗಿಯುವ ತಂತಿ ತಂದು, ನಾಲ್ಕು ಎಳೆ ಮಡಿಸಿ, ಹಾರದ ಒಂದು ತುದಿಯನ್ನು ಉಕ್ಕಿನ ತೋಳಿಗೂ ಇನ್ನೊಂದನ್ನು ಅದರ ಮೇಲಿನ ಚೌಕಟ್ಟಿಗೂ ಸುತ್ತಿದಳು. ಈರೇಶ ಇಕ್ಕಳ ಕೊಟ್ಟ. ಅವಳು ತಂತಿಯನ್ನು ಚೆನ್ನಾಗಿ ತಿರುಚಿ ಬಿಗಿದಳು. ಕರ್ಪೂರ ಹಚ್ಚಿದರು, ಕುಂಬಳಕಾಯಿ ಒಡೆದರು, ನನಗೂ ಕಡಲೆಪುರಿ ಸಿಕ್ಕಿತು.

ಹೂವು ಒಣಗಿ ಉದುರಿತು. ತಂತಿ ಮಸಿ ಹಿಡಿದು ಯಂತ್ರದ ಬಣ್ಣಕ್ಕೆ ತಿರುಗಿತು. ಅದು ಅಲ್ಲಿ ಇದೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಡೈನೋ ಹತ್ತಿದ ಕಾರುಗಳೆಲ್ಲ ಕಡಿಮೆ ಬಲ ತೋರಿಸತೊಡಗಿದವು. ಬೇರೆ ಯಾರಾದರೂ ಆಗಿದ್ದರೆ ಇದೇನಪ್ಪಾ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಧನಕ್ಕನಿಗೆ ಮಾತ್ರ ಖುಷಿಯೇ ಆಯಿತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬ್ರೋಷರುಗಳೆಲ್ಲ ಸುಳ್ಳು ಎಂದು ಅವಳು ಮೊದಲಿನಿಂದ ಹೇಳುತ್ತಿದ್ದದ್ದು ಈಗ ಪ್ರತಿ ವಾರವೂ ನಿಜವಾಗುತ್ತಿತ್ತು. ಸಂಖ್ಯೆ ಇಳಿದಷ್ಟೂ ಅವಳ ಗಂಟಲು ಏರಿತು. ಈರೇಶನಿಗೂ ಅಭ್ಯಂತರವಿರಲಿಲ್ಲ, ಬಲ ಇಳಿದ ಎಂಜಿನ್ನುಗಳು ಬಿಚ್ಚುವ ಕೆಲಸಕ್ಕೆ ಅವನ ಹತ್ತಿರವೇ ಬರುತ್ತಿದ್ದವು.

ಆ ದಿನಗಳಲ್ಲೇ ಲೋಕೇಶ್ ಬಂದಿದ್ದ. ಪಟ್ಟಂದೂರು ಅಗ್ರಹಾರದ ಹಳೇ ಮನೆತನದವನು, ನೀರಿನ ಟ್ಯಾಂಕರ್ ಇಟ್ಟುಕೊಂಡು ಬದುಕುವವನು. ಅವನಿಗೆ ಇದ್ದ ಒಂದೇ ಚಟ ಎಂದರೆ ಹಳೆಯ ಸಣ್ಣ ಕಾರಿನಲ್ಲಿ ಘಟ್ಟದ ಮಣ್ಣುರಸ್ತೆಯ ರ್‍ಯಾಲಿ ಓಡಿಸುವುದು. ಐವತ್ತು ದಾಟಿದ ಮೇಲೆ ಮನೆಯಲ್ಲಿ ಗಲಾಟೆಯಾಗಿ, ಡಿಸೆಂಬರಿನದ್ದೇ ಕೊನೆಯದು, ಆಮೇಲೆ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಹಿಂದಿನ ವರ್ಷ ಎಂಬತ್ತೆರಡು ತೋರಿಸಿದ್ದ ಅವನ ಕಾರು ಈ ಸಲ ಎಪ್ಪತ್ತೊಂದು ತೋರಿಸಿತು. ಎಂಜಿನ್ ಮುದಿಯಾಗಿದೆ, ಘಟ್ಟದಲ್ಲಿ ಕೈಕೊಡುತ್ತದೆ, ಹೋಗಬೇಡಿ ಎಂದು ಧನಕ್ಕ ಹೇಳಿದಳು. ಅವನು ಹೋಗಲಿಲ್ಲ. ರ್‍ಯಾಲಿಯ ದಿನ ನನ್ನ ಶೆಡ್ಡಿನಲ್ಲಿ ಕೂತು ಫೋನಿನಲ್ಲಿ ಬೇರೆಯವರ ಕಾರುಗಳು ಧೂಳೆಬ್ಬಿಸುವುದನ್ನು ನೋಡಿ, ಚಹಾ ಕುಡಿದು ಎದ್ದುಹೋದ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ನಮ್ಮ ಗಲ್ಲಿಗೆ ಜಪಾನಿನ ಸ್ಪೋರ್ಟ್ಸ್ ಕಾರೊಂದು ಬಂತು. ಎರಡೇ ಬಾಗಿಲು, ಉದ್ದ ಮೂತಿ, ಹಿಂದೆ ಇಬ್ಬರು ಕೂರುವ ಜಾಗದಲ್ಲಿ ಒಂದು ಚೀಲ ಕೂರುವುದೂ ಕಷ್ಟ. ಗುಂಡಿ ಕಂಡಲ್ಲೆಲ್ಲ ನಿಂತು, ಓರೆಯಾಗಿ ಇಳಿದು, ಬಸುರಿಯ ಹಾಗೆ ನಿಧಾನಕ್ಕೆ ಬಂದು ನಿಂತಿತು. ಇಳಿದವಳು ಒಬ್ಬ ಹುಡುಗಿ, ಮೂವತ್ತರ ಒಳಗೆ. ಹೆಸರು ಭಾಗ್ಯಶ್ರೀ, ಇಳಕಲ್ಲಿನವಳು, ವೈಟ್‌ಫೀಲ್ಡಿನ ಆಫೀಸೊಂದರಲ್ಲಿ ಚಿಪ್ ಪರೀಕ್ಷೆ ಮಾಡುವ ಕೆಲಸ. ಕಾರು ಸೆಕೆಂಡ್ ಹ್ಯಾಂಡ್. ಅವಳು ಸೇರಿದ್ದ ಕಾರ್ ಕ್ಲಬ್ಬಿನ ಗಂಡಸರು, ನಿನಗೆ ಟೋಪಿ ಹಾಕಿದ್ದಾರೆ, ಇದರ ಎಂಜಿನ್ ಸತ್ತಿದೆ ಎಂದು ನಗಾಡಿದ್ದರಂತೆ. ನಗುವವರ ಬಾಯಿ ಮುಚ್ಚಿಸಲು ಒಂದು ನಂಬಿಕಸ್ತ ಸಂಖ್ಯೆ ಬೇಕಾಗಿತ್ತು.

ಬ್ರೋಷರಿನ ಪ್ರಕಾರ ಆ ಕಾರಿನ ಎಂಜಿನ್ನಿನ ಬಲ ಮುನ್ನೂರ ಇಪ್ಪತ್ತೆಂಟು. ಚಕ್ರಕ್ಕೆ ಬರುವಾಗ ಇನ್ನೂರ ಎಂಬತ್ತರ ಸುಮಾರಿಗೆ ಇದ್ದರೆ ಕಾರು ಸರಿಯಾಗಿದೆ ಎಂದರ್ಥ. ಬೆಲ್ಟು ಬಿಗಿದರು, ಫ್ಯಾನು ಹಾಕಿದರು, ನನ್ನ ಗೋಡೆಯ ತಗಡು ಗಡಗಡ ನಡುಗಿತು. ಪರದೆಯ ಮೇಲೆ ಬಂದದ್ದು ಇನ್ನೂರ ನಲವತ್ತೊಂದು. ಇನ್ನೊಮ್ಮೆ ಓಡಿಸಿದರೂ ಅದೇ. ಈರೇಶ ತಲೆಯಾಡಿಸುತ್ತಾ, ಎಂಜಿನ್ ಇಳಿಸಿ ನೋಡಬೇಕಾಗುತ್ತದೆ ಎಂದ.

ಹುಡುಗಿ ಅಳಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಆಕಾಶದ ಉಪಗ್ರಹ ಹಿಡಿದು ಕಾರಿನ ವೇಗ ಅಳೆಯುವ ಡಬ್ಬಿ. ಹೊಸೂರಿನ ಆಚೆ ಕ್ಲಬ್ಬಿನವರು ಭಾನುವಾರ ಬಾಡಿಗೆಗೆ ಹಿಡಿಯುವ ಖಾಲಿ ರನ್‌ವೇಯಲ್ಲಿ ಇದೇ ಕಾರು ಸೊನ್ನೆಯಿಂದ ನೂರಕ್ಕೆ ಐದೂವರೆ ಸೆಕೆಂಡಿನಲ್ಲಿ ಹೋಗಿತ್ತು ಎಂದು ಅದರಲ್ಲಿ ದಾಖಲಾಗಿತ್ತು. ಬ್ರೋಷರಿನಲ್ಲಿ ಬರೆದ ಸಮಯಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದೂವರೆ ಟನ್ನಿನ ಗಾಡಿ ಇನ್ನೂರ ನಲವತ್ತರ ಬಲದಲ್ಲಿ ಅಷ್ಟು ಬೇಗ ನೂರು ಮುಟ್ಟಲಾರದು, ಇನ್ನೂ ಒಂದು ಸೆಕೆಂಡಾದರೂ ಹಿಡಿಯುತ್ತದೆ. ಆದ್ದರಿಂದ ಎರಡು ಸಂಖ್ಯೆಗಳಲ್ಲಿ ಒಂದು ತಪ್ಪಿರಲೇಬೇಕು ಎಂದು ಅವಳು ಸಮಾಧಾನವಾಗಿ ವಿವರಿಸಿದಳು.

ತಪ್ಪು ನಿಮ್ಮ ಡಬ್ಬಿಯದು ಎಂದಳು ಧನಕ್ಕ.

"ಇರಬಹುದ್ರೀ ಅಕ್ಕಾರ," ಎಂದಳು ಭಾಗ್ಯಶ್ರೀ. "ನನ್ನ ಡಬ್ಬೀನೂ ತಪ್ಪಿರಬಹುದು. ಆದ್ರ ನಮ್ಮ ಆಫೀಸಿನ್ಯಾಗ ಚಿಪ್ ಪರೀಕ್ಷೆ ಮಾಡೂಕಿಂತ ಮೊದಲ ಪರೀಕ್ಷೆ ಮಾಡೂ ಮಷೀನನ್ನ ಪರೀಕ್ಷೆ ಮಾಡ್ತೀವಿ. ನಿಮ್ಮ ಮಷೀನನ್ನ ಯಾರು ಪರೀಕ್ಷೆ ಮಾಡ್ತಾರ್ರಿ?"

ಗೋಡೆಯ ಈಚೆ ನನ್ನ ಹೊಲಿಗೆ ಯಂತ್ರ ನಿಂತಿತು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಎದ್ದು ಆಚೆ ಹೋದೆ, ಇಂಥದ್ದನ್ನು ಬರೀ ಕೇಳಿಸಿಕೊಂಡು ಕೂರುವುದು ಸಾಧ್ಯವಿರಲಿಲ್ಲ.

ಧನಕ್ಕನ ಮೂಗು ಕೆಂಪಗಾಗಿತ್ತು. ಯಂತ್ರದ ಪರೀಕ್ಷೆ ಈಗಲೇ ಆಗಲಿ, ನಿಮ್ಮ ಕಣ್ಣೆದುರಿಗೇ ಆಗಲಿ ಎಂದಳು. ಈರೇಶ ಮೂಲೆಯಲ್ಲಿದ್ದ ಗ್ಯಾರೇಜಿನ ಬಟ್ಟುಗಳನ್ನು ತರಲು ಹೋದರೆ ಅವನನ್ನು ತಡೆದಳು. ನಮ್ಮ ಬಟ್ಟು ಬೇಡ, ನಾಳೆ ಅದೂ ಸುಳ್ಳು ಅನ್ನುತ್ತಾರೆ, ಹೊರಗಿನ ಬಟ್ಟು ಬರಲಿ ಎಂದು ಹೇಳಿ ಎದುರಿನ ಗುಜರಿ ಅಂಗಡಿಯ ಚಿಕ್ಕಮುನಿಯಪ್ಪನನ್ನು ಕೂಗಿದಳು. ಚಿಕ್ಕಮುನಿಯಪ್ಪ ಅವಳಿಗೆ ಸೋದರಮಾವನಾಗಬೇಕು. ಗುಜರಿಯವರ ತೂಕದ ಬಗ್ಗೆ ಲೋಕದಲ್ಲಿ ಏನು ಮಾತಿದೆಯೋ ಅದು ಅವನ ಬಗ್ಗೆಯೂ ಇದೆ. ಆದರೆ ಅವನ ಬಟ್ಟುಗಳ ಮೇಲೆ ಸರ್ಕಾರದ ಆ ವರ್ಷದ ಮುದ್ರೆ ಇತ್ತು. ಅವನು ಏನು ಕಸರತ್ತು ಮಾಡುತ್ತಿದ್ದನೋ ಅದನ್ನು ಬಟ್ಟಿನಲ್ಲಿ ಅಂತೂ ಮಾಡುತ್ತಿರಲಿಲ್ಲ. ಇಪ್ಪತ್ತು ಕಿಲೋದ ಐದು ಕಬ್ಬಿಣದ ಬಟ್ಟುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು, ಕಳೆದುಹೋದರೆ ಯಾರು ಹೊಣೆ ಎಂದು ಗೊಣಗುತ್ತಾ, ತಾನೇ ಕಾವಲಿಗೆ ಬಂದ. ಭಾಗ್ಯಶ್ರೀ ಕಾರನ್ನು ಉರುಳೆಯಿಂದ ಇಳಿಸಿ ಬಂದು ಒಂದೊಂದರ ಮುದ್ರೆಯನ್ನೂ ಬಗ್ಗಿ ನೋಡಿದಳು. ಧನಕ್ಕ ಅದಕ್ಕೂ ಮುಖ ತಿರುಗಿಸಿದಳು.

ಐದೂ ಬಟ್ಟುಗಳು ತೋಳಿನ ಕೊಕ್ಕೆಗೆ ಹತ್ತಿದವು. ನೂರು ಕಿಲೋ. ಎಲ್ಲರೂ ಪರದೆಯ ಕಡೆ ತಿರುಗಿದೆವು.

ಎಂಬತ್ತೇಳು.

ಧನಕ್ಕ ಬಟ್ಟುಗಳನ್ನು ಇಳಿಸಿ ಮತ್ತೆ ಹಾಕಿದಳು. ಎಂಬತ್ತೇಳು. ನಮ್ಮ ಬಟ್ಟು ತನ್ನಿ ಎಂದಳು, ಅವುಗಳಿಗೂ ಎಂಬತ್ತೇಳು. ಅವಳ ಮುಖ ನೋಡಲು ನನಗೆ ಸಂಕಟವಾಯಿತು. ಜಗಳದಲ್ಲಿ ಅವಳು ಒಮ್ಮೆ ಸೋಲಲಿ ಎಂದು ಎಷ್ಟೋ ಸಲ ಆಸೆಪಟ್ಟಿದ್ದೆ, ಆದರೆ ಸೋಲು ಹೀಗೆ ಬರಲಿ ಎಂದು ಬಯಸಿರಲಿಲ್ಲ.

ಅವಳು ನೆಲಕ್ಕೆ ಕೂತು, ಟಾರ್ಚು ಹಿಡಿದು, ತೋಳನ್ನು ಬುಡದಿಂದ ತುದಿಯವರೆಗೆ ಬೆರಳಿನಲ್ಲಿ ಸವರುತ್ತಾ ಹೋದಳು. ತೋಳಿನ ಮೇಲ್ಭಾಗದಲ್ಲಿ ಬೆರಳು ಒಂದು ಕಡೆ ನಿಂತಿತು. ಎಳೆದು ನೋಡಿದಳು. ಮಸಿ ಉದುರಿ ತಂತಿ ಕಂಡಿತು. ಅದರ ತಿರುಚಿನ ಸಂದಿಯಲ್ಲಿ ಒಣಗಿದ ಸೇವಂತಿಗೆಯ ಒಂದು ತೊಟ್ಟು ಇನ್ನೂ ಸಿಕ್ಕಿಕೊಂಡಿತ್ತು. ತೋಳು ಸೆನ್ಸರನ್ನು ಕೆಳಕ್ಕೆ ಎಳೆಯುವಾಗಲೆಲ್ಲ ಈ ತಂತಿ ತೋಳನ್ನು ಮೇಲಿನಿಂದ ಹಿಡಿದುಕೊಂಡು ಒಂದು ಪಾಲನ್ನು ತಾನೇ ಹೊರುತ್ತಿತ್ತು. ಸೆನ್ಸರಿಗೆ ತಲುಪುತ್ತಿದ್ದುದು ಉಳಿದದ್ದು ಮಾತ್ರ. ದೇವರಿಗೆ ಎಂದು ಕಟ್ಟಿದ್ದು ಇಷ್ಟು ತಿಂಗಳು ತಕ್ಕಡಿಯ ಕೈ ಹಿಡಿದಿತ್ತು.

ಯಾರು ಕಟ್ಟಿದ್ದು ಎಂದು ಭಾಗ್ಯಶ್ರೀ ಕೇಳಿದಳು.

"ನಾನೇ," ಎಂದಳು ಧನಕ್ಕ. "ನಾನೇ ಕಟ್ಟಿದ್ದು, ಬಿಗಿಯಾಗಿ."

ಪೂಜೆಗೆ ಕಟ್ಟಿದ್ದನ್ನು ಬಿಚ್ಚಬಾರದಮ್ಮ, ಮುಂದಿನ ಪೂಜೆವರೆಗೆ ತಡಿ ಎಂದು ಚಿಕ್ಕಮುನಿಯಪ್ಪ ಹೇಳುತ್ತಿರುವಂತೆಯೇ ಅವಳು ಇಕ್ಕಳದಿಂದ ತಂತಿಯನ್ನು ಕತ್ತರಿಸಿದಳು. ಪರದೆಯನ್ನು ಸೊನ್ನೆಗೆ ತಂದು ಬಟ್ಟು ಹಾಕಿದಾಗ ನೂರು ಬಂತು. ಕಾರನ್ನು ಮತ್ತೆ ಹತ್ತಿಸಿ ಓಡಿಸಿದರು. ಇನ್ನೂರ ಎಪ್ಪತ್ತಾರು. ಬ್ರೋಷರೂ ಸುಳ್ಳು ಹೇಳಿರಲಿಲ್ಲ, ಡಬ್ಬಿಯೂ ಸುಳ್ಳು ಹೇಳಿರಲಿಲ್ಲ, ಎಂಜಿನ್ನೂ ಸತ್ತಿರಲಿಲ್ಲ. ಭಾಗ್ಯಶ್ರೀ ಆ ಹಾಳೆ ತೆಗೆದುಕೊಂಡು, ಅಕ್ಕಾರ, ಬೇರೆಯವರಾಗಿದ್ದರೆ ಬಟ್ಟು ಹಾಕುತ್ತಿರಲಿಲ್ಲ ಎಂದಷ್ಟೇ ಹೇಳಿ ಹೊರಟಳು. ಧನಕ್ಕನಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವಳು ತುಂಡಾದ ತಂತಿಯನ್ನು ಕೈಯಲ್ಲಿ ಹಿಡಿದು ಕಂಪ್ಯೂಟರಿನ ಮುಂದೆ ನಿಂತಿದ್ದಳು. ಆಯುಧಪೂಜೆಯ ನಂತರ ಬಂದ ಕಾರುಗಳ ಹೆಸರು, ಫೋನ್ ನಂಬರು ಅದರಲ್ಲಿದ್ದವು.

ಈರೇಶನಿಗೆ ಅವಳ ಮನಸ್ಸು ತಕ್ಷಣ ಅರ್ಥವಾಯಿತು. ಹತ್ತಿರ ಹೋಗಿ ಮೆಲ್ಲಗೆ ಶುರು ಮಾಡಿದ. ಆದದ್ದು ಆಗಿಹೋಯಿತು. ಬೇಕಿದ್ದರೆ ಅಷ್ಟೂ ಸಂಖ್ಯೆಗಳನ್ನು ಮನಸ್ಸಿನಲ್ಲೇ ಸ್ವಲ್ಪ ಹೆಚ್ಚು ಮಾಡಿಕೊಂಡು ಸುಮ್ಮನಿರೋಣ, ಕೇಳಿದವರಿಗೆ ಹೇಳೋಣ. ಅದಕ್ಕೆ ಧನಕ್ಕ, ಪ್ರತಿ ಸಲ ತಂತಿ ಎಷ್ಟು ಹಿಡಿದಿತ್ತು ಎಂದು ತಂತಿಗೂ ಗೊತ್ತಿಲ್ಲ, ಗುಣಿಸಿದರೆ ಅದು ಇನ್ನೊಂದು ಸುಳ್ಳಾಗುತ್ತದೆ, ಎಲ್ಲ ಕಾರುಗಳೂ ಮತ್ತೆ ಹತ್ತಬೇಕು ಎಂದಳು. ಅವನ ದನಿ ಏರಿತು. ಆ ಸಂಖ್ಯೆ ನಂಬಿ ತಾನು ಎಷ್ಟು ಎಂಜಿನ್ ಬಿಚ್ಚಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಿಚ್ಚಿ ನೋಡಿದಾಗ ಒಳಗೆ ಹೇಳಿಕೊಳ್ಳುವಂಥ ದೋಷ ಸಿಕ್ಕಿರಲಿಲ್ಲ ಎಂಬುದೂ ಗೊತ್ತಿತ್ತು. ನಿನ್ನ ಮಾತಿನ ಮ್ಯಾಲೇ ಈ ಗ್ಯಾರೇಜು ನಿಂತೈತಿ, ಆ ಮಾತೇ ತಪ್ಪು ಅಂತ ನೀನೇ ಡಂಗುರ ಹೊಡೆದರೆ ನಾಳೆ ಈ ಗಲ್ಲಿಗೆ ನಾಯಿಯೂ ಬರುವುದಿಲ್ಲ ಎಂದ. ಅವನ ಭಯ ಸುಳ್ಳಲ್ಲ, ಅದು ನನಗೂ ಅನ್ನಿಸಿತು.

"ಫೋನ್ ಮಾಡಿದೀ ಅಂದ್ರ ನಾಳಿಂದ ಬರಬ್ಯಾಡ ಧನಕ್ಕಾ," ಎಂದ ಈರೇಶ ಕೊನೆಗೆ.

ಅವಳು ತನ್ನ ಚೀಲ ಎತ್ತಿಕೊಂಡು ಹೊರಗೆ ಬಂದಳು. ಮನೆಗೆ ಹೋದಳು ಅಂದುಕೊಂಡೆ. ಬಂದದ್ದು ನನ್ನ ಶೆಡ್ಡಿಗೆ. ತಗಡಿನ ಗೋಡೆಗೆ ಬೆನ್ನು ಆನಿಸಿ, ನನ್ನ ಸ್ಟೂಲಿನ ಮೇಲೆ ಕೂತು, ಫೋನನ್ನು ಸ್ಪೀಕರಿಗೆ ಹಾಕಿದಳು. ನಂಬರುಗಳನ್ನು ಬರೆದುಕೊಂಡು ಬಂದಿದ್ದಳು. ಒಬ್ಬೊಬ್ಬರಿಗೂ ಅದೇ ಮಾತು. ನಾನು ದೊಡ್ಡನೆಕ್ಕುಂದಿ ಡೈನೋ ಧನಲಕ್ಷ್ಮಿ, ನಿಮ್ಮ ಕಾರಿಗೆ ನಾನು ಕೊಟ್ಟ ಸಂಖ್ಯೆ ತಪ್ಪು, ಯಂತ್ರಕ್ಕೆ ನಾನೇ ತಂತಿ ಕಟ್ಟಿದ್ದೆ, ಬನ್ನಿ, ಮತ್ತೆ ತೂಗಿಕೊಡುತ್ತೇನೆ. ಸಣ್ಣ ದನಿಯಲ್ಲಿ ಹೇಳಲಿಲ್ಲ. ಗೋಡೆಯ ಆಚೆ ಈರೇಶನಿಗೆ ಒಂದಕ್ಷರವೂ ತಪ್ಪದಂತೆ ಹೇಳಿದಳು. ಕೆಲವರು ನಕ್ಕರು. ಒಬ್ಬ ಕೆಟ್ಟದಾಗಿ ಬೈದ, ಅವಳು ಪೂರ್ತಿ ಕೇಳಿಸಿಕೊಂಡು, ಆಯ್ತು, ಯಾವಾಗ ಬರ್ತೀರಾ ಎಂದಳು. ಆ ಬಿಲ್ಡರ್ ಕೂಡ ಪೂಜೆಯ ನಂತರ ಮತ್ತೆ ಬಂದು ಹೋಗಿದ್ದ. ಅವನಿಗೆ ಹೇಳುವಾಗಲಾದರೂ ದನಿ ತಗ್ಗೀತು ಎಂದು ಕಾದೆ, ತಗ್ಗಲಿಲ್ಲ.

ಲೋಕೇಶನ ನಂಬರು ಬಂದಾಗ ಮಾತ್ರ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಉಳಿದವರಿಗೆ ಸಂಖ್ಯೆಯನ್ನು ತಿದ್ದಿಕೊಡಬಹುದಿತ್ತು. ಅವನ ಡಿಸೆಂಬರನ್ನು ಯಾರು ತಿದ್ದಿಕೊಡುವುದು. ನೀರು ಬೇಕಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿ ನಂಬರು ಒತ್ತಿದಳು. ಆ ಕಡೆಯಿಂದ ಲೋಕೇಶ್ ಎಲ್ಲವನ್ನೂ ಕೇಳಿಸಿಕೊಂಡು, ಸೋಮವಾರ ಬರ್ತೀನಿ ಎಂದು ಇಟ್ಟುಬಿಟ್ಟ.

ಸೋಮವಾರ ಬೆಳಿಗ್ಗೆ ಧನಕ್ಕ ಎಂದಿನ ಹಾಗೆ ಬಂದಳು. ಈರೇಶ ಬಾಗಿಲಲ್ಲೇ ನಿಂತು, ಬರಬ್ಯಾಡ ಅಂದಿದ್ದೆ ಎಂದ. ಕೇಳಿಸಿತ್ತು ಎಂದು ಹೇಳಿ ಅವಳು ಅವನ ಪಕ್ಕದಿಂದಲೇ ಒಳಗೆ ಹೋಗಿ ಸ್ವಿಚ್ಚು ಹಾಕಿದಳು. ಗುಜರಿ ಅಂಗಡಿಯ ಬಟ್ಟುಗಳು ಅಲ್ಲೇ ಇದ್ದವು. ಚಿಕ್ಕಮುನಿಯಪ್ಪ ಭಾನುವಾರ ಒಮ್ಮೆ ಅವಳ ಮನೆಗೇ ಹೋಗಿ ಬಟ್ಟು ಕೇಳಿ ಬೈಸಿಕೊಂಡು ಬಂದಿದ್ದ.

ಸ್ವಲ್ಪ ಹೊತ್ತಿಗೆ ಲೋಕೇಶನ ಕಾರು ಬಂತು. ಬಾನೆಟ್ಟಿನ ಮೇಲೆ ಹಳೇ ರ್‍ಯಾಲಿಗಳ ನಂಬರಿನ ಸ್ಟಿಕ್ಕರುಗಳ ಗುರುತು ಇನ್ನೂ ಇತ್ತು. ಅವನು ಇಳಿದು ಧನಕ್ಕನ ಎದುರಿಗೆ ನಿಂತ. ಕೂಗಾಡುತ್ತಾನೆ ಎಂದು ನಾನು, ಈರೇಶ ಇಬ್ಬರೂ ಹತ್ತಿರ ಹೋದೆವು. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದೇ ಕಷ್ಟವಾಯಿತು.

"ಕಂಪನಿಯವ್ರು ಯೋಳಿದ್ರೆ ನಂಬ್ತಿರ್ಲಿಲ್ಲ ಕಣಮ್ಮಾ. ಈರೇಶ ಯೋಳಿದ್ರೂ ನಂಬ್ತಿರ್ಲಿಲ್ಲ. ನೀನ್ ಯೋಳ್ದೆ ಅಂತ ನಂಬ್ದೆ."

ಧನಕ್ಕನ ಕಣ್ಣು ತುಂಬಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಇನ್ಮೇಲೆ ನನ್ನನ್ನೂ ನಂಬ್ಬೇಡಿ ಲೋಕೇಶಣ್ಣ," ಎಂದಳು. "ಬಟ್ಟು ಅಲ್ಲಿದೆ. ನೀವೇ ಹಾಕಿ."

ಲೋಕೇಶ್ ಅವಳನ್ನು ನೋಡಿದ, ಬಟ್ಟುಗಳನ್ನು ನೋಡಿದ. ಅಂಗಿಯ ತೋಳು ಮಡಿಸಿ ಒಂದೊಂದನ್ನೇ ಎತ್ತಿ ಕೊಕ್ಕೆಗೆ ಹಾಕಿದ. ಐದೂ ಹಾಕಿದ ಮೇಲೆ ನೂರು. ಅವನಿಗೆ ಅಷ್ಟು ಸಾಕಾಗಲಿಲ್ಲ. ಒಂದನ್ನು ತೆಗೆದ, ಎಂಬತ್ತು. ಇನ್ನೊಂದನ್ನು ತೆಗೆದ, ಅರವತ್ತು. ಪುನಃ ಹಾಕಿದ. ತೋಳಿನ ಸುತ್ತ ಕೈಯಾಡಿಸಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ತಡಕಿದ. ಆಮೇಲೆ ಕೈ ಒರೆಸಿಕೊಂಡು, ಗಾಡಿ ಹತ್ತಿಸು ಎಂದ. ಬೆಲ್ಟು ಬಿಗಿಯಲು ಯಾರೂ ಕರೆಯದೆ ಈರೇಶನೇ ಮುಂದೆ ಬಂದ. ಅವನು ಯಾರ ಮುಖವನ್ನೂ ನೋಡಲಿಲ್ಲ, ಆದರೆ ಬೆಲ್ಟು ಚೆನ್ನಾಗಿ ಬಿಗಿದ.

ಎಂಬತ್ತೆರಡು ಬಂತು. ಹಿಂದಿನ ವರ್ಷ ಎಷ್ಟಿತ್ತೋ ಅಷ್ಟೇ. ಅವನ ಎಂಜಿನ್ನಿಗೆ ಏನೂ ಆಗಿರಲಿಲ್ಲ, ಡಿಸೆಂಬರಿನಲ್ಲಿ ಘಟ್ಟ ಹತ್ತಿ ಇಳಿದು ಬರಬಹುದಿತ್ತು. ಲೋಕೇಶ್ ಪರದೆಯ ಸಂಖ್ಯೆಯನ್ನು ಬೆರಳಿಟ್ಟು ಓದಿದ. ಹೆಂಡ್ತೀನ ಇನ್ನೊಂದು ಸಲ ಕೇಳಿ ನೋಡ್ತೀನಿ ಎಂದು ನನ್ನ ಕಡೆ ತಿರುಗಿ ಹೇಳಿದ, ಅದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊಸ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಕಾರಿನ ಡ್ಯಾಷ್‌ಬೋರ್ಡಿನಿಂದ ಹಳೆಯ ಎಪ್ಪತ್ತೊಂದರ ಹಾಳೆ ತೆಗೆದು ಧನಕ್ಕನ ಕೈಗೆ ಕೊಟ್ಟ. ಇದು ನಿನ್ ಹತ್ರಾನೇ ಇರ್ಲಿ ಎಂದು ಹೇಳಿ ಹೋದ.

ಅವಳು ಅದನ್ನು ಹರಿಯಲಿಲ್ಲ. ಕಂಪ್ಯೂಟರಿನ ಪಕ್ಕದ ಗೋಡೆಗೆ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಆ ತಂತಿಯ ತುಂಡಿನ ಸಮೇತ ಅಂಟಿಸಿದಳು. ಈರೇಶ ಎರಡು ಸಲ ಕಿತ್ತುಹಾಕಿದ, ಎರಡು ಸಲವೂ ಅವಳು ಮತ್ತೆ ಅಂಟಿಸಿದಳು. ಈಗ ಅವನೂ ಬಿಟ್ಟುಬಿಟ್ಟಿದ್ದಾನೆ. ಗಲ್ಲಿಗೆ ನಾಯಿಯೂ ಬರುವುದಿಲ್ಲ ಅಂದಿದ್ದ, ಮೊದಲ ಕೆಲವು ವಾರ ಹಾಗೇ ಆಯಿತು, ಆಮೇಲೆ ಕಾರುಗಳು ಬಂದವು. ಬಂದ ಗಿರಾಕಿ ಯಾರೇ ಆಗಿರಲಿ, ಮೊದಲು ತೋಳು ಮಡಿಸಿ ಬಟ್ಟು ಹಾಕಬೇಕು, ಆಮೇಲೆ ಕಾರು ಹತ್ತಿಸಬೇಕು. ಬಿಲ್ಡರನೂ ಹಾಕಿದ, ಬೆವರಿದ. ಚಿಕ್ಕಮುನಿಯಪ್ಪ ತನ್ನ ಅಂಗಡಿಗೆ ಬೇರೆ ಬಟ್ಟು ಕೊಂಡುಕೊಂಡ.

ಹೊಸಬರು ಯಾರಾದರೂ ಗೋಡೆಯ ಮೇಲಿನ ಆ ಹಾಳೆ ತೋರಿಸಿ ಇದೇನು ಎಂದು ಕೇಳುತ್ತಾರೆ. ಧನಕ್ಕ ತಲೆ ಎತ್ತಿ, ನಾನು ಕೊಟ್ಟ ಸುಳ್ಳು ಸಂಖ್ಯೆ, ಒಬ್ಬರು ಇದನ್ನ ನಂಬಿ ಮನೇಲೇ ಉಳಿದ್ರು ಎಂದು ಹೇಳಿ ಬಟ್ಟುಗಳ ಕಡೆ ಕೈ ತೋರಿಸುತ್ತಾಳೆ.